ಪರದೆಯಾಚೆಯ ಶಿವಯೋಗಿ ಖಂಡಪ್ಪ

ಕಿಣ್ಣಿ ಸುಲ್ತಾನ ಗ್ರಾಮದ ಖಂಡಪ್ಪ ಬೆಳಗಿನ ಪೂಜೆಯಲ್ಲಿ ಊರಿಗೇ ಹಿರಿಯ. ಸ್ನಾನ ಮುಗಿಸಿ, ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪರದೆ ಎಳೆದನೆಂದರೆ ಲೋಕದ ಪಾಲಿಗೆ ಅವನಿಲ್ಲ. ತೊಗರಿ ರಾಶಿಗೆ ಆಳುಗಳು ಕಾಯಲಿ, ಹೆಂಡತಿ ಗೌರಾಬಾಯಿ ಮನೆಗೆಲಸಕ್ಕೆ ನಾಲ್ಕು ದಿಕ್ಕಿಗೆ ಓಡಲಿ, ಪರದೆ ಅಲುಗದು. ಪೂಜೆಗೆ ಕೂತವರನ್ನು ಮುಟ್ಟಬಾರದು, ಕೂಗಬಾರದು. ಈ ಒಂದು ನಿಯಮದ ಕೋಟೆಯೊಳಗೆ ಅವನು ದಿನವೂ ಎರಡು ತಾಸು ಚಕ್ರವರ್ತಿ.

ಒಮ್ಮೆ ಸಂತೆಯಲ್ಲಿ ತಲೆಸುತ್ತಿ ಬಿದ್ದ. ಉಸಿರು, ಎದೆಬಡಿತದ ಮೇಲೆ ಕಣ್ಣಿಡಬೇಕೆಂದರು ಡಾಕ್ಟರು.

"ಪೂಜಾದಾಗ ಮೈಗೆ ವಾಯರ್ ಗೀಯರ್ ನಡ್ಯಂಗಿಲ್ಲ. ನನ್ನ ಯಾರೂ ಮುಟ್ಟಬ್ಯಾಡ್ರಿ!" ಎಂದು ಖಂಡಪ್ಪ ಗರ್ಜಿಸಿದ.

ಸೊಸೆ ಶೈಲಶ್ರೀ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. "ಇದು ಮುಟ್ಟಂಗೇ ಇಲ್ರಿ ಮಾವಾ" ಎಂದು ಸಾಬೂನಿನಷ್ಟು ಗಾತ್ರದ ರಾಡಾರ್ ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿದಳು. ಅದರ ಅಲೆಗಳು ಪರದೆ ದಾಟಿ, ಎದೆಯ ಏರಿಳಿತ ಅಳೆದು, ಮೊಬೈಲಿಗೆ ಸುದ್ದಿ ಕಳಿಸುತ್ತವೆ. ತನ್ನ ಷರತ್ತು ಅಷ್ಟು ಚೊಕ್ಕವಾಗಿ ನೆರವೇರಿದ ಮೇಲೆ ಖಂಡಪ್ಪ ಒಪ್ಪಲೇಬೇಕಾಯಿತು.

ಮರುದಿನ ಅವನು ತೇಜಸ್ಸು ಸುರಿಸುತ್ತ ಹೊರಬಂದಾಗ ಶೈಲಶ್ರೀ ಮೊಬೈಲ್ ನೋಡಿ ತುಟಿ ಕಚ್ಚಿಕೊಂಡಳು. ಚಹಾ ಕುಡಿಯಲು ಬಂದಿದ್ದ ನೆರೆಮನೆಯ ಮಲ್ಕಪ್ಪ ಇಣುಕಿ ಗಟ್ಟಿಯಾಗಿ ಓದಿದ: "ಎದಿಬಡಿತ ಚಲೋ ಅದ. ಎರಡು ತಾಸು ಗಾಢ ನಿದ್ದಿ! ಏನ್ಲೇ ಖಂಡಪ್ಪ, ಶಿವ ಕನಸಿನ್ಯಾಗೇ ಬಂದು ಹೋಗ್ತಾನೇನು?"

ಖಂಡಪ್ಪ ಕುಗ್ಗುವ ಕುಳವಲ್ಲ. "ಡಬ್ಬಿಗೇನ್ ಗೊತ್ತಲೇ? ಸಮಾಧಿ ಏರಿದಾಂವ ಹೊರಗಿನವ್ರಿಗೆ ಮಲಗಿದಂಗೇ ಕಾಣ್ತಾನ. ಗೊರಕಿನೂ ಅದರಾಗಿನ ಒಂದು ನಾದ!"

ಮಲ್ಕಪ್ಪ ಕೈಮುಗಿದು ನಗು ನುಂಗಿದ. ಗೌರಾಬಾಯಿ ನಗಲೂ ಇಲ್ಲ, ನುಂಗಲೂ ಇಲ್ಲ; ಕೇಳಿಸಿಕೊಂಡಳು.

ಮರುದಿನ ಅವಳು ಗಂಡನಿಗಿಂತ ಮೊದಲೇ ಸ್ನಾನ ಮುಗಿಸಿದಳು. "ಲಿಂಗ ನನ್ನ ಕೊರಳಾಗೂ ಅದರಿ. ಇವತ್ತಿನಿಂದ ನಾನೂ ಸಮಾಧಿಗೆ ಕೂಡ್ತೀನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಪರದೆ ಎಳೆದುಕೊಂಡಳು. ತುಸು ಹೊತ್ತಿನಲ್ಲೇ ಒಳಗಿನಿಂದ ನಾದ ಹೊರಟಿತು.

"ಅತ್ತಿಗೂ ಗಾಢ ನಿದ್ದಿ..." ಎಂದು ಮೊಬೈಲ್ ಓದಿದ ಶೈಲಶ್ರೀ, ಮಾವನ ಮುಖ ನೋಡಿ ತಿದ್ದಿಕೊಂಡಳು: "ಅಲ್ರಿ, ಸಮಾಧಿ."

"ಏ, ಅಕಿ ಮಲ್ಕೊಂಡ..." ಎಂದು ತೆರೆದ ಬಾಯನ್ನು ಖಂಡಪ್ಪ ಅಲ್ಲಿಗೇ ಮುಚ್ಚಿದ. ಅವಳದು ನಿದ್ದೆಯೆಂದರೆ ತನ್ನದೂ ನಿದ್ದೆಯೇ.

ಗೌರಾಬಾಯಿ ದಿನವೂ ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ಚರಿಗೆ ಹಿಡಿದು ಕೊಟ್ಟಿಗೆಗೆ ಹೋದ. ಅವನ ಪರಿಚಯವೇ ಇಲ್ಲದ ಎಮ್ಮೆ ಹೌಹಾರಿ ಒದರತೊಡಗಿತು.

"ಸುಮ್ನಿರಬೇ," ಎಂದು ಶಿವಯೋಗಿ ಅದರ ಕಿವಿಯಲ್ಲಿ ಪಿಸುಗುಟ್ಟಿದ, "ಅಕಿ ಪೂಜಾಕ್ಕ ಕುಂತಾಳ."