ಬೆಂಚಿನ ಮೇಲಿನ ನಲವತ್ತಮೂರು ಹೆಸರು

ದಾವಣಗೆರೆಯಲ್ಲಿ ಆಗ ಹೊಸ ಅಂಗಡಿ ಹಾಕುವವರು ಮೊದಲು ಜೋಯಿಸರ ಹತ್ತಿರ ಹೋಗುತ್ತಿದ್ದರು, ಆಮೇಲೆ ಪೇಂಟರ್ ಇನ್ನಾಸಪ್ಪನ ಹತ್ತಿರ. ಜೋಯಿಸರ ಮುಹೂರ್ತವನ್ನಾದರೂ ಮುಂದಕ್ಕೆ ಹಾಕಬಹುದಿತ್ತು, ಇನ್ನಾಸಪ್ಪನ ಬೋರ್ಡು ಒಣಗದೆ ಬಾಗಿಲು ತೆರೆಯುವ ಹಾಗಿರಲಿಲ್ಲ. ಮಂಡಿಪೇಟೆಯ ಸಂದಿಯೊಂದರಲ್ಲಿ, ಎರಡು ಹೆಜ್ಜೆ ಇಟ್ಟರೆ ಗೋಡೆ ಮೂಗಿಗೆ ಬಡಿಯುವಷ್ಟು ಸಣ್ಣ ಅಂಗಡಿ ಅವನದು. ಉರುಸಿನ ಬ್ಯಾನರು, ಮಠದ ಸಮಾರಂಭದ ಕಮಾನು, ಎಲ್ಲ ಪಕ್ಷಗಳ ಗೋಡೆಬರಹ, ತೀರಿಕೊಂಡವರ ಶ್ರದ್ಧಾಂಜಲಿ, ಹೀಗೆ ಏನು ಬಂದರೂ ಬರೆಯುತ್ತಿದ್ದ. ಬರೆದು ಮುಗಿಸಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣಗೆ ತನ್ನ ಹೆಸರು ಹಾಕಿ, ಪಕ್ಕದಲ್ಲಿ ಒಂದು ಪುಟ್ಟ ಬ್ರಷ್ಷು ಬಿಡಿಸುತ್ತಿದ್ದ. ಅಷ್ಟು ಜಂಬ ಅವನಿಗಿತ್ತು. ಇರಲಿ ಬಿಡಿ, ಅಂಥ ಕೈ ಇದ್ದವನಿಗೆ ಅಷ್ಟೂ ಬೇಡವೇ?

ಮನೆ ಮಾತ್ರ ಹರಿಹರದಲ್ಲಿ. ಅಜ್ಜ ರೈಲ್ವೆ ಗ್ಯಾಂಗಿನಲ್ಲಿ ದುಡಿಯಲು ಬಂದು ಅಲ್ಲೇ ಬೇರೂರಿದ್ದ. ಅಜ್ಜನ ಕಾಲದಿಂದ ಕಥೋಲಿಕರು. ಸಂಜೆ ಊಟಕ್ಕೆ ಮುಂಚೆ ಜಪಸರ, ಭಾನುವಾರ ಸ್ಟೇಷನ್ನಿನ ಆಚೆಗಿನ ಚರ್ಚಿನಲ್ಲಿ ಪೂಜೆ. ಇದನ್ನೇನು ಅವನು ಬಚ್ಚಿಟ್ಟವನಲ್ಲ, ಹೇಳಿಕೊಂಡು ತಿರುಗಿದವನೂ ಅಲ್ಲ. ಅಂಗಡಿಯ ಗೋಡೆಯಲ್ಲಿ ಗಿರಾಕಿಗಳು ಬರೆಸಿ ಒಯ್ಯದೇ ಬಿಟ್ಟ ದೇವರುಗಳ ಸಾಲೇ ಇತ್ತು. ನಡುವೆ ಯೇಸುವಿನ ತಾಯಿ ಮರಿಯಮ್ಮನವರ ಪಟವೂ ಒಂದು. ಯಾರು ಕೇಳುತ್ತಾರೆ? ಭಾನುವಾರ ಬಾಗಿಲು ಹಾಕಿದರೆ, ‘ಕುಡ್ದು ಮಲಗ್ಯಾನ’ ಎಂದು ಊರು ತೀರ್ಮಾನ ಮಾಡಿ ಮುಗಿಸಿತ್ತು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಊರಿನ ಸಂಜೆಪತ್ರಿಕೆಗೆ ಒಂದು ಹುಚ್ಚು ಹಿಡಿಯಿತು. ದಿಲ್ಲಿಯಿಂದ ಹಳ್ಳಿಯವರೆಗೆ ಮತಾಂತರದ ಮಾತೇ ನಡೆದಿದ್ದ ಕಾಲ. ವಾಚಕರ ಅಂಕಣದಲ್ಲಿ ದಿನವೂ ಪತ್ರಗಳು ಬಂದವು: ಕಥೋಲಿಕರ ನಿಷ್ಠೆ ಯಾರಿಗೆ, ರೋಮಿಗೋ ದೇಶಕ್ಕೋ? ಪಾದ್ರಿಗಳು ಪೋಪನಿಗೆ ಗುಟ್ಟಾಗಿ ವರದಿ ಕಳಿಸುತ್ತಾರಂತೆ, ಹೌದೇ? ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಇನ್ನಾಸಪ್ಪ ಇದನ್ನೆಲ್ಲ ಓದಿದ. ಈ ಕಡೆ ಚಿತ್ರದುರ್ಗ, ಆ ಕಡೆ ಹುಬ್ಬಳ್ಳಿ ದಾಟದ ಮನುಷ್ಯ ಅವನು. ತಾನು ರೋಮಿಗೆ ಏನು ಕೊಟ್ಟೆ, ರೋಮು ತನಗೆ ಏನು ಕೊಟ್ಟಿತು ಎಂದು ನಡುದಾರಿಯ ಬಾತಿ ಊರು ಬರುವವರೆಗೂ ಯೋಚಿಸಿದ. ಏನೂ ನೆನಪಾಗಲಿಲ್ಲ. ಯಾರ ಬಗ್ಗೆಯೋ ಬರೆದಿದ್ದಾರೆ ಎಂದುಕೊಂಡು ಪೇಪರು ಮಡಚಿದ.

ಅದೇ ವಾರ ವಾಮದೇವಪ್ಪ ಬಂದರು. ದೊಡ್ಡ ಜವಳಿ ಅಂಗಡಿಯ ಯಜಮಾನರು. ಇಪ್ಪತ್ತು ವರ್ಷದಿಂದ ತಮ್ಮ ಬೋರ್ಡನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಇನ್ನಾಸಪ್ಪನಿಗೆ ಕಾಮಾಲೆಯಾದಾಗ ಔಷಧಿ ತರಿಸಿ ಕುಡಿಸಿದ ಪುಣ್ಯಾತ್ಮ. ಕೆಟ್ಟವರು ಎಂದರೆ ನಾಲಿಗೆ ಸೀದೀತು.

“ಇನ್ನಾಸಿ, ಮುಂದಿನ ಶನಿವಾರ ಬಹಿರಂಗ ಚರ್ಚೆ ಇಟ್ಟೀವಿ. ಒಂದು ಬ್ಯಾನರು ಬೇಕು, ಒಂದು ಪ್ಲೈವುಡ್ ಹಲಗೆ ಬೇಕು. ಹಲಗೆ ವೇದಿಕೆ ಮ್ಯಾಲೆ ನಿಲ್ಲಬೇಕು, ಹಿಂದಿನ ಸಾಲಿನೋರಿಗೂ ಕಾಣಬೇಕು.”

“ಏನು ಬರೀಲಿ ಯಜಮಾನ್ರೆ?”

ವಾಮದೇವಪ್ಪ ಜೇಬಿನಿಂದ ಒಂದು ಹಾಳೆ ತೆಗೆದರು. “ಮತಾಂತರ ಆದೋರ ಪಟ್ಟಿ. ನಲವತ್ತಮೂರು ಮಂದಿ! ನಮ್ಮ ಹುಡುಗರು ಹರಿಹರದ ಚರ್ಚಿಗೇ ಹೋಗಿ ಬರಕೊಂಡು ಬಂದಾರ. ಬಾತಿ, ಲೋಕಿಕೆರೆ, ಎಲ್ಲಾ ಕಡೆಯೋರೂ ಅದಾರ. ಈ ರೋಮಿನೋರನ್ನ ನಂಬಬಾರದಪ್ಪ. ನಗ್ತಾ ನಗ್ತಾನೇ ಬುಡಕ್ಕೆ ಕೈ ಹಾಕ್ತಾರೆ.” ಆಮೇಲೆ ಇನ್ನಾಸಪ್ಪನ ಮುಖ ನೋಡಿ ಪ್ರೀತಿಯಿಂದ, “ನೀನು ನಮ್ಮೋನು, ನಿನ್ನ ಹತ್ರ ಹೇಳಾಕೇನು,” ಎಂದು ಭುಜ ತಟ್ಟಿ ಹೋದರು.

ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟನೇ? ಇಲ್ಲ. ‘ನಮ್ಮೋನು’ ಎಂದ ಮೇಲೆ ಅಲ್ಲವೆನ್ನಲು ಅವನಿಗೆ ಮನಸ್ಸು ಬರಲಿಲ್ಲ. ಸುಳ್ಳೂ ಅಲ್ಲವಲ್ಲ, ಇಪ್ಪತ್ತು ವರ್ಷದಿಂದ ಅವರವನೇ.

ಹಲಗೆಗೆ ಬಿಳಿ ಬಳಿದು, ಒಣಗಿಸಿ, ಗೆರೆ ಎಳೆದು, ಹಾಳೆ ಮುಂದಿಟ್ಟುಕೊಂಡ. ಮೊದಲ ಹೆಸರು, ಎರಡನೆಯದು, ಮೂರನೆಯದು. ನಾಲ್ಕನೆಯ ಹೆಸರಿಗೆ ಬರುವಷ್ಟರಲ್ಲಿ ಅವನ ಕೈ ಹಾಳೆ ನೋಡುವುದನ್ನೇ ಬಿಟ್ಟಿತ್ತು. ಮುಂದೇನು ಬರುತ್ತದೆಂದು ಕೈಗೆ ಗೊತ್ತಿತ್ತು. ಇನ್ನಾಸಪ್ಪ ಬೆಚ್ಚಿ ಬ್ರಷ್ಷು ಕೆಳಗಿಟ್ಟ. ಈ ಹೆಸರುಗಳನ್ನು ಇದೇ ಸಾಲಿನಲ್ಲಿ ಅವನು ಹಿಂದೊಮ್ಮೆ ಬರೆದಿದ್ದ. ಚರ್ಚಿನ ಬೆಂಚುಗಳ ಬೆನ್ನಿಗೆ.

ಎಂಟು ವರ್ಷದ ಹಿಂದಿನ ಮಾತು. ಆ ಚರ್ಚಿಗೆ ಜಾತಿಮತ ನೋಡದೆ ಜನ ಬರುತ್ತಿದ್ದರು. ಹರಕೆ ಹೊತ್ತು, ಮೇಣದಬತ್ತಿ ಹಚ್ಚಿ, ಮರಿಯಮ್ಮ ತಾಯಿಗೆ ಹೂವು ಮುಡಿಸಿ, ಮನೆಗೆ ಹೋಗಿ ವಿಭೂತಿ ಹಚ್ಚಿಕೊಳ್ಳುವವರು. ಹರಕೆ ತೀರಿದವರು ಒಂದು ಬೆಂಚೋ ಒಂದು ಫ್ಯಾನೋ ಕೊಡುತ್ತಿದ್ದರು. ನಮ್ಮ ಕಡೆ ದೇವರಿಗೆ ಟ್ಯೂಬ್‌ಲೈಟು ಕೊಟ್ಟರೂ ಬೆಳಕು ಬಾರದಷ್ಟು ದಪ್ಪಗೆ ಹೆಸರು ಬರೆಸುವ ರೂಢಿ ತಾನೆ? ಚರ್ಚಿನಲ್ಲಿ ಆ ಪದ್ಧತಿ ಇರಲಿಲ್ಲ. “ಕೊಟ್ಟವರು ಯಾರೆಂದು ದೇವರಿಗೆ ಗೊತ್ತು, ಬರೆಯೋದು ಬೇಡ,” ಎಂದಿದ್ದರು ಆಗಿನ ಫಾದರ್. ಇನ್ನಾಸಪ್ಪ ಬಿಡಲಿಲ್ಲ. “ದೇವರಿಗೆ ಗೊತ್ತು ಫಾದರ್, ಬೀಗರಿಗೆ ಗೊತ್ತಾಗೋದು ಬ್ಯಾಡ್ವಾ?” ಎಂದು ನಗಿಸಿ ಒಪ್ಪಿಸಿ, ಎರಡು ಭಾನುವಾರ ಕೂತು ಬರೆದಿದ್ದ. ಹೆಸರು ಬರೆಸಿದವರೆಲ್ಲ ಹೊರಗಿನವರು. ಕಥೋಲಿಕರದ್ದು ಒಂದು ಹೆಸರೂ ಇರಲಿಲ್ಲ. ಅವರು ಫಾದರ್ ಮಾತು ಕೇಳಿದ್ದರು!

ಹನ್ನೊಂದನೆಯ ಬೆಂಚಿನ ಮೇಲಿದ್ದ ಫ್ಯಾನಿನ ರೆಕ್ಕೆಗೆ ಮಸ್ತಾನಸಾಬರ ಹೆಸರಿತ್ತು. ಹಾಳೆಯಲ್ಲಿ ಅದು ಇರಲಿಲ್ಲ. ಸಾಬರ ಹೆಸರೆಂದು ಹಾರಿಸಿದ್ದರು. ಹದಿನೇಳನೆಯದು: ಕೊಟ್ರವ್ವ, ಬಾತಿ.

ಕೊಟ್ರವ್ವನನ್ನು ಅರಿಯದ ಮದುವೆ ಮನೆ ಆ ಸುತ್ತಿನಲ್ಲಿ ಇರಲಿಲ್ಲ. ರೊಟ್ಟಿ ಬಡಿಯುವವಳು. ಮನೆಯವರು ಹಿಟ್ಟು, ಒಲೆ, ಒಳಗಿನ ಅಡುಗೆಮನೆ ಎಲ್ಲವನ್ನೂ ಅವಳ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುತ್ತಿದ್ದರು. ಒಂದು ವರ್ಷ ಎರಡೂ ಕೈ ಜೋಮು ಹಿಡಿದು ರೊಟ್ಟಿ ಹರಿಯತೊಡಗಿದಾಗ ಅವಳು ಕೊಟ್ಟೂರಿಗೆ ಹರಕೆ ಹೊತ್ತಳು, ಬಾತಿ ಗುಡ್ಡದ ದರ್ಗಾಕ್ಕೆ ಸಕ್ಕರೆ ಓದಿಸಿದಳು, ಚರ್ಚಿನ ತಾಯಿಗೂ ಬೇಡಿಕೊಂಡಳು. ಕೈ ನೆಟ್ಟಗಾಯಿತು. ಯಾರಿಂದ ಆಯಿತೆಂದು ತಿಳಿಯದೆ ಮೂರು ಕಡೆಯೂ ಮುಟ್ಟಿಸಿದಳು. ಈಗ ಈ ಹಲಗೆ ವೇದಿಕೆಗೆ ಏರಿದರೆ, ‘ಜಾತಿ ಬಿಟ್ಟವಳು’ ಎಂದರೆ, ಯಾವ ಮನೆಯವರು ಅವಳನ್ನು ಒಲೆಯ ಹತ್ತಿರ ಬಿಟ್ಟುಕೊಂಡಾರು? ಅವಳ ಅನ್ನ ಹೋಯಿತು ಎಂದೇ ಅರ್ಥ. ಇನ್ನಾಸಪ್ಪ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿಟ್ಟು ಎದ್ದ. ಬರೆಸಿದ ಪಾಪ ತನ್ನದೇ.

ಮರುದಿನ ಬಾತಿಯಲ್ಲಿ ಇಳಿದು ಅವಳಿಗೆ ವಿಷಯ ಹೇಳಿದ. ಅವಳು ಸೆರಗಿನೊಳಗೆ ಕೈಹಾಕಿ ಕೊರಳ ಲಿಂಗದ ಕರಡಿಗೆ ಹಿಡಿದು ನೋಡಿಕೊಂಡಳು, ಇನ್ನೂ ಇದೆಯೋ ಎಂಬ ಹಾಗೆ.

“ನಾನ್ ಯಾವಾಗ ಜಾತಿ ಬಿಟ್ಟೆನೋ ಯಪ್ಪಾ? ನಂಗೇ ಗೊತ್ತಿಲ್ಲಲ್ಲ!”

“ಬಿಟ್ಟಿಲ್ಲವ್ವ. ಬೆಂಚು ಕೊಟ್ಟಿದ್ದಕ್ಕೆ ಹಿಂಗ ಅಂತಾರೆ.”

“ಬೆಂಚು ಕೂಡ್ರಾಕೆ ಕೊಟ್ಟಿದ್ದು! ನೀನು ಬರೀಬ್ಯಾಡ ಹಂಗಾರೆ.”

“ನಾನು ಬರೀದಿದ್ರೆ ಇನ್ನೊಬ್ಬ ಬರೀತಾನೆ.”

“ಹೋಗಿ ಹೇಳು ಮತ್ತೆ. ಆ ಯಜಮಾನ ನಿನ್ನ ಮಾತು ಕೇಳ್ತಾನಲ್ಲ? ನಂಗ್ಯಾರ ಅದಾರೋ ಹೇಳೋರು!” ಎಂದು ಅತ್ತಳು. ಅಳು ನೋಡಲಾಗದೆ ಅವನು ಸಿಕ್ಕ ಬಸ್ಸು ಹತ್ತಿದ.

ಜವಳಿ ಅಂಗಡಿಯಲ್ಲಿ ವಾಮದೇವಪ್ಪ ಚಹಾ ತರಿಸಿದರು. ಇನ್ನಾಸಪ್ಪ ಉಗುರಿಗೆ ಅಂಟಿದ ಬಣ್ಣ ಕೆರೆಯುತ್ತ, ಅವು ಬೆಂಚು ಕೊಟ್ಟವರ ಹೆಸರು, ಮತ್ತೇನೂ ಅಲ್ಲ ಎಂದ.

“ಅಲ್ಲೇ ನೀನು ಮೋಸ ಹೋದಿ,” ಎಂದರು ವಾಮದೇವಪ್ಪ. “ನಾನೂ ವಿಚಾರಿಸೀನಿ. ಅವರಲ್ಲಿ ಕೊಟ್ಟೋರ ಹೆಸರು ಬರಿಯೋ ಪದ್ಧತಿನೇ ಇಲ್ಲ. ಹಂಗಿದ್ದಮ್ಯಾಲೆ ಬರೆದಾರ ಅಂದ್ರೆ? ಸೇರಿಸಿಕೊಂಡಾರ ಅಂತ ಅಲ್ಲೇನು?”

“ಪದ್ಧತಿ ಇರಲಿಲ್ಲ ಯಜಮಾನ್ರೆ. ನಾನೇ ಹಚ್ಚಿದ್ದು. ನಾನೇ ಬರೆದಿದ್ದು.”

“ನೀನ್ಯಾಕ ಅಲ್ಲಿಗೆ ಹೋಗಿದ್ದಿ?”

“ನಾನು ಅಲ್ಲಿಯೋನೇ. ಕಥೋಲಿಕ.”

ಚಹಾದ ಲೋಟ ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು. ವಾಮದೇವಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಲೋಟ ಕೆಳಗಿಟ್ಟು, ನಿಧಾನವಾಗಿ, “ಹಂಗಾರೆ ನೀನು ಹಿಂಗೇ ಹೇಳಬೇಕಾಗ್ತತಿ ಬಿಡು. ನಿನ್ನ ತಪ್ಪಲ್ಲ. ನಿಮ್ಮೋರು ಹೇಳಿಕೊಟ್ಟಿರ್ತಾರೆ,” ಎಂದರು.

ಎಂಥ ಗೋಜಲು ನೋಡಿ! ಐದು ನಿಮಿಷದ ಹಿಂದೆ ಅವನ ಮಾತಿಗೆ ಬೆಲೆಯಿತ್ತು, ಯಾಕೆಂದರೆ ಅವನು ಕಥೋಲಿಕನೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಬೇಕಾದರೆ ಕಥೋಲಿಕನೆನ್ನಲೇಬೇಕು. ಎಂದ ತಕ್ಷಣ ಹೇಳಿದ್ದೆಲ್ಲ ಸುಳ್ಳಾಯಿತು. ನಾಲಿಗೆ ಅದೇ, ಮನುಷ್ಯ ಅವನೇ, ಚಹಾ ಇನ್ನೂ ಬಿಸಿಯಾಗಿತ್ತು. ಇದರಲ್ಲಿ ತಾನು ಎಲ್ಲಿ ಎಡವಿದೆ ಎಂದು ಅವನಿಗೆ ತಿಳಿಯಲೇ ಇಲ್ಲ.

“ಹಲಗೆ ಬ್ಯಾರೆಯೋರಿಗೆ ಕೊಡ್ತೀರಾ?” ಎಂದು ಕೇಳಿದ.

“ಕೈ ಹಾಕಿದ್ದು ಮುಗಿಸು. ನಾನೇನು ಹಂಗೆಲ್ಲ ಭೇದ ಮಾಡೋನಲ್ಲ.”

ಇನ್ನಾಸಪ್ಪ ಮುಗಿಸಿದ. ಸರಿಯೋ ತಪ್ಪೋ ಎಂದು ಕೇಳಬೇಡಿ, ಅವನಿಗೂ ಗೊತ್ತಿರಲಿಲ್ಲ. ನಲವತ್ತಮೂರು ಹೆಸರನ್ನೂ ಕೊಟ್ಟ ಸಾಲಿನಲ್ಲೇ ಬರೆದ. ಪ್ರತಿ ಹೆಸರಿನ ಮುಂದೆ, ಗುಡಿಯಲ್ಲಿ ಬರೆಯುವ ಹಾಗೆಯೇ, ‘ಇವರ ಸೇವೆ: ಒಂದು ಬೆಂಚು’ ಎಂದು ಸೇರಿಸಿದ. ಹನ್ನೊಂದರ ಕೆಳಗೆ ಮಸ್ತಾನಸಾಬರ ಫ್ಯಾನನ್ನೂ ಕೂರಿಸಿದ. ಮೂಲೆಯಲ್ಲಿ ಯಾವಾಗಿನ ಸಣ್ಣ ಅಕ್ಷರ ಹಾಕದೆ ದಪ್ಪಗೆ ಬರೆದ: ‘ಈ ಹಲಗೆಯನ್ನೂ ಆ ಬೆಂಚುಗಳನ್ನೂ ಬರೆದವನು ಪೇಂಟರ್ ಇನ್ನಾಸಪ್ಪ, ಕಥೋಲಿಕ, ಹರಿಹರ.’ ಪಕ್ಕದಲ್ಲಿ ಬ್ರಷ್ಷು. ಮೇಲೆ ಬಟ್ಟೆ ಸುತ್ತಿ ಕಳಿಸಿಕೊಟ್ಟ.

ಶನಿವಾರ ಸಭೆಯಲ್ಲಿ ಬಟ್ಟೆ ಸರಿಸಿದಾಗ ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಮಧ್ಯದ ಸಾಲಿನಿಂದ ಒಬ್ಬ ಹೆಂಗಸು, “ಅಯ್ಯ, ನಮ್ಮ ರೊಟ್ಟಿ ಕೊಟ್ರವ್ವ! ಬೆಂಚು ಕೊಟ್ಟಾಳಂತೆ,” ಎಂದಳು. “ಮಸ್ತಾನಸಾಬ್ರೂ ಪಾದ್ರಿ ಆದ್ರೇನು!” ಎಂದು ಮತ್ತೊಬ್ಬರು ಕೂಗಿದರು. ಸಭೆಯೆಲ್ಲ ನಕ್ಕಿತು. ಹಲಗೆಯನ್ನು ಗಡಿಬಿಡಿಯಲ್ಲಿ ಗೋಡೆಯ ಕಡೆಗೆ ತಿರುಗಿಸಿದರು. ಚರ್ಚೆ ರೋಮಿನ ಬಗ್ಗೆ ಇನ್ನೂ ಎರಡು ಗಂಟೆ ನಡೆಯಿತು. ಕೊನೆಯ ಸಾಲಿನಲ್ಲಿ ನಿಂತಿದ್ದ ಇನ್ನಾಸಪ್ಪ ಪೂರ್ತಿ ಕೇಳಿದ. ಇವರೆಲ್ಲ ಯಾರ ವಿಷಯ ಹೇಳುತ್ತಿದ್ದಾರೆಂದು ಈಗ ಅವನಿಗೆ ಅರ್ಥವಾಗಿತ್ತು, ಅದೊಂದೇ ವ್ಯತ್ಯಾಸ.

ಕೊಟ್ರವ್ವನಿಗೆ ಏನೂ ಆಗಲಿಲ್ಲ, ಒಂದೇ ಒಂದು ಮನೆಯೂ ತಪ್ಪಲಿಲ್ಲ. ನಲವತ್ತಮೂರು ಮಂದಿಯೂ ಪಾರಾದರು. ಆದರೆ ಆ ಹಲಗೆಯ ಮೇಲೆ ನಿಜವಾಗಿ ಕಥೋಲಿಕನ ಹೆಸರೊಂದು ಇತ್ತಲ್ಲ, ಅದನ್ನು ಊರು ಓದಿಕೊಂಡಿತ್ತು. ಬರೆಯಲು ಕೊಟ್ಟಿದ್ದ ಫ್ಯಾನುಗಳನ್ನು ಗುಡಿಯ ಕಮಿಟಿಯವರು ನಗುನಗುತ್ತ ವಾಪಸು ಒಯ್ದರು. ಮಠದ ಕಮಾನು ಈ ಸಲ ಕಂಪ್ಯೂಟರಿನಲ್ಲಿ ಮಾಡಿಸುತ್ತೇವೆ ಎಂದರು. ಯಾರೂ ಬಯ್ಯಲಿಲ್ಲ, ಎಲ್ಲರೂ ಎದುರಿಗೆ ಸಿಕ್ಕರೆ “ಅರಾಮ ಅದೀಯಾ?” ಎನ್ನುವವರೇ. ಅವನ ಬ್ರಷ್ಷುಗಳು ಸೀಮೆಎಣ್ಣೆಯಲ್ಲೇ ನಿಂತವು.

ಮಳೆಗಾಲ ಹಿಡಿಯುವ ಮುಂಚೆ ವಾಮದೇವಪ್ಪನವರು ಮತ್ತೆ ಬಂದರು. ಮೊಮ್ಮಗಳು ಪೂಜಾಳ ಮದುವೆ. ಬಾಗಿಲ ಕಮಾನು ಬರೆಯಬೇಕು, ಬೇರೆ ಯಾರದೂ ಮನಸ್ಸಿಗೆ ಬರುತ್ತಿಲ್ಲ. ಎಲ್ಲ ಹೇಳಿ, ಎದ್ದು ನಿಂತು, ಅವನ ಕಡೆ ನೋಡದೆ ಅಂದರು: “ಮೂಲ್ಯಾಗ ಹೆಸರು ಮಾತ್ರ ಹಾಕಬ್ಯಾಡಪ್ಪ. ಬೀಗರು ಹೊಸಬರು.”

ಬರೆಯುವುದಿಲ್ಲ ಎನ್ನಬಹುದಿತ್ತು. ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅದೂ ಅಲ್ಲದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವರು ತನ್ನನ್ನೇ ಹುಡುಕಿ ಬಂದರೆಂದು ಅವನಿಗೆ ಸಂತೋಷವಾಗಿತ್ತು.

ಮದುವೆಯ ಹಿಂದಿನ ದಿನ ಕಮಾನು ಕಟ್ಟಿಸುತ್ತ ನಿಂತಿದ್ದಾಗ ಕೊಟ್ರವ್ವ ಆಗಷ್ಟೇ ಬೆಂದ ರೊಟ್ಟಿಯೊಂದನ್ನು ಹಿಡಿದು ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. ಅಕ್ಷರ ಬಾರದವಳು. ಅವನ ಬರಹವನ್ನು ಮಾತ್ರ ಮೂಲೆಯ ಬ್ರಷ್ಷಿನಿಂದ ಗುರುತಿಸುತ್ತಿದ್ದಳು. ಬಲಗಡೆ ನೋಡಿದಳು, ಎಡಗಡೆ ನೋಡಿದಳು.

“ಇದು ನಿಂದಲ್ಲೇನೋ? ನಿನ್ನ ಬ್ರಷ್ಷೇ ಕಾಣವಲ್ದು.”

ಅಲ್ಲೇ ನಿಂತಿದ್ದ ವಾಮದೇವಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. “ಮರ್ತಿರ್ತಾನೆ ಬಿಡವ್ವ,” ಎಂದರು.

ಇನ್ನಾಸಪ್ಪ ಅವರ ಮುಖ ನೋಡಿದ, ಅವಳ ಮುಖ ನೋಡಿದ. “ಹೌದವ್ವ,” ಎಂದ. “ಮರ್ತೆ.”

“ಅಲ್ಲೋ,” ಎಂದಳು ಕೊಟ್ರವ್ವ, ಏನೂ ತಿಳಿಯದೆ, ಎಲ್ಲರಿಗೂ ಕೇಳುವಂತೆ, “ಅಷ್ಟು ಮಂದಿ ಹೆಸರು ಒಂದೂ ಬಿಡದಂಗೆ ನೆನಪಿಟ್ಟೋನು, ನಿನ್ನ ಹೆಸರು ಮರೀತೀಯೇನೋ?”

ಇನ್ನಾಸಪ್ಪ ನಗಲು ನೋಡಿದ. ಅವಳು ಅವನ ಕೈಗೆ ಆ ಬಿಸಿ ರೊಟ್ಟಿಯನ್ನು ಇಟ್ಟು ಒಳಗೆ ಹೋದಳು. ಅವನು ಅದನ್ನು ತಿನ್ನದೆ, ಇಡಲೂ ತಿಳಿಯದೆ, ಕೈ ಸುಡುತ್ತಿದ್ದರೂ ಹಿಡಿದುಕೊಂಡೇ ನಿಂತಿದ್ದ.