ಎಲ್ಲರೂ ಚೆನ್ನಾಗೈತೆ ಅಂದಾಗ

ಹಾನುಬಾಳಿನ ಹತ್ತಿರದ ಎಸ್ಟೇಟಿಗೆ, ಮುಖ ನೋಡಿ ಹಾಜರಿ ಹಾಕುವ ನಮ್ಮ ಆ್ಯಪ್ ತೋರಿಸಲು ಹೋಗಿದ್ದೆ. ಮಾರನೆಯ ದಿನದಿಂದ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಅದರಲ್ಲೇ ಹಾಜರಿ. ಅದು ತಪ್ಪಿದರೆ ಯಾರದೋ ಒಂದು ದಿನದ ದುಡಿಮೆ ಹೋದಂತೆ. ಅದೇ ನನ್ನ ಭಯ.

ಕಾಫಿ ಹಣ್ಣು ಕೀಳುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರದೂ ಒಂದೇ ಮಾತು: "ಚೆನ್ನಾಗೈತೆ ಸಾರ್." ಒಬ್ಬರೂ ಒಂದು ತಪ್ಪೂ ಹೇಳದ್ದರಿಂದ ನನ್ನ ಭಯ ಹೆಚ್ಚೇ ಆಯಿತು. ಮನಸ್ಸಿನಲ್ಲೇ ದೇವರನ್ನು ನೆನೆದೆ.

ಅಷ್ಟರಲ್ಲಿ ಅಷ್ಟು ಹೊತ್ತೂ ಪಕ್ಕದಲ್ಲೇ ಇದ್ದ, ಆಳುಗಳ ಕೆಲಸ ನೋಡಿ ಲೆಕ್ಕ ಬರೆಯುವ ಎಸ್ಟೇಟಿನ ರೈಟರು ಫೋನ್ ಬಂತೆಂದು ಆಚೆ ಹೋದರು. ಹಿರಿಯ ಆಳು ಗೌರಮ್ಮ ಹತ್ತಿರ ಬಂದರು.

"ಅಲ್ಲ ಕಣಪ್ಪ, ಹಣ್ಣು ಕೀಳುವಾಗ ಇರುವೆ ಕಚ್ತವೆ ಅಂತ ನಾವು ಕಣ್ಣೊಂದು ಬಿಟ್ಟು ಮುಖವೆಲ್ಲ ಬಟ್ಟೆ ಸುತ್ಕೊಂಡಿರ್ತೀವಿ. ಮಧ್ಯಾನ ನಿನ್ ಫೋನು ಗುರ್ತು ಹಿಡೀತದಾ?"

ಬಟ್ಟೆ ಸುತ್ತಿಸಿ ನೋಡಿದೆ. ಫೋನು ಗುರುತು ಹಿಡಿಯಲಿಲ್ಲ.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ರೈಟರಪ್ಪ ಪಕ್ಕದಾಗೆ ನಿಂತಿದ್ರೆ ಯಾರ್ ಹೇಳ್ತಾರೆ ಮಾರಾಯ?"

ದೇವರೇ ಅವರಿಂದ ಹೇಳಿಸಿದನೆಂದು ಕೈಮುಗಿದೆ. ಆ್ಯಪ್ ಶುರುವಾಗುವುದನ್ನು ಅವತ್ತೇ ತಡೆದೆ.

ಈಗ ಯಾವ ಎಸ್ಟೇಟಿಗೆ ಹೋದರೂ, ಮೊದಲು ರೈಟರಿಗೆ ಟೀ ಕೊಡಿಸಿ ದೂರ ಕೂರಿಸುತ್ತೇನೆ. ಪಾಪ, ಅವರು ಅದನ್ನು ಮರ್ಯಾದೆ ಅಂದುಕೊಳ್ಳುತ್ತಾರೆ. ಭಗವಂತ ಮನ್ನಿಸಲಿ.