ಅಕ್ಕ ಹೇಳಿದ ಗುಳಿಗೆಯ ಹೆಸರು

ಬ್ಯಾಡಗಿಯಲ್ಲಿ ಕಣ್ಣು ಉರಿಯುತ್ತದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತಿರುತ್ತದೆ. ಹಾಗಾಗಿ ನನ್ನ ಕಣ್ಣೊಳಗೆ ಉಸುಕು ಬಿದ್ದಂತಾದಾಗ ನಾನೂ ಘಾಟನ್ನೇ ಬೈದೆ. ಸುಗ್ಗಿ ಮುಗಿದು ಮಳೆ ಬಿದ್ದ ಮೇಲೂ ಉಸುಕು ಹೋಗಲಿಲ್ಲ. ಅದರ ಬೆನ್ನಿಗೇ ಬಾಯಿ ಒಣಗತೊಡಗಿತು.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ರೈತರ ಫೋನಿಗೆ ಉತ್ತರ ಹೇಳುವ ಕೆಲಸ ಮಾಡುತ್ತೇನೆ. ದಿನವಿಡೀ ಮಾತೇ ನನ್ನ ದುಡಿಮೆ. ಸಾಲಿಗೆ ಎಷ್ಟು ಅಂತರ ಬಿಡಬೇಕು, ಎಲೆ ಮುದುಡಿದರೆ ಏನು ಹೊಡೆಯಬೇಕು ಎಂದು ಹೇಳುತ್ತಿರುವಾಗಲೇ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನೀರಿಲ್ಲದೆ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಮುಂಜಾನೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬ್ಯಾಡಗಿಯಿಂದ ಕೆಲಸಕ್ಕೆ ಹೊರಟ ಬಸ್ಸು ಪಕ್ಕದ ಮೋಟೆಬೆನ್ನೂರು ದಾಟುವುದರೊಳಗೆ ನನ್ನ ನೀರಿನ ಬಾಟ್ಲಿ ಅರ್ಧ ಖಾಲಿಯಾಗಿರುತ್ತಿತ್ತು.

ಗಂಡ ನನ್ನನ್ನು ನಾವು ಯಾವಾಗಲೂ ತೋರಿಸುವ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಶುಗರ್ ನೋಡಿ, ರಕ್ತ ನೋಡಿ, ಏನೂ ಇಲ್ಲ ಎಂದರು. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಗಂಡನ ಜೊತೆ ಒಂದಿಷ್ಟು ಹೊತ್ತು ಮಾತಾಡಿದರು. ನರಗಳ ಅಶಕ್ತಿಯಂತೆ, ಗುಳಿಗೆ ತಗೊಂಡರೆ ಹೋಗುತ್ತದಂತೆ ಎಂದು ಗಂಡ ಹೊರಗೆ ಬಂದು ಹೇಳಿದರು. ನಾನು ನಂಬಿದೆ.

ಗುಳಿಗೆಯನ್ನು ಹಾವೇರಿಯಲ್ಲಿರುವ ಅಕ್ಕ ತರುತ್ತಿದ್ದಳು. ನಮ್ಮವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ, ನನ್ನ ಬಾಣಂತನ ಮಾಡಿದವಳೂ ಅವಳೇ. ಗುಳಿಗೆಗಳನ್ನು ಹೆಸರು ಅಚ್ಚಾದ ಬೆಳ್ಳಿ ಹಾಳೆಯಿಂದ ಬಿಡಿಸಿ ಒಂದು ಸಣ್ಣ ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದಳು. "ನಿನ್ನ ಬೆರಳು ನೋಯ್ತಾವ, ಬಿಡಸೂದು ತ್ರಾಸ ಆಗ್ತದ" ಎಂದಿದ್ದಳು. ಇಷ್ಟನ್ನೂ ಯೋಚಿಸುವವರು ನನಗೆ ಇದ್ದಾರಲ್ಲ ಎಂದು ಆವತ್ತು ಎದೆ ತುಂಬಿ ಬಂದಿತ್ತು.

ಗುಳಿಗೆಯಿಂದ ನಿದ್ದೆ ಚೆನ್ನಾಗಿ ಬಂತು. ಬಾಯಿ ಮಾತ್ರ ಇನ್ನಷ್ಟು ಒಣಗಿತು. ಎರಡು ವರ್ಷ ಹಾಗೇ ಕಳೆದವು. ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ನನ್ನ ಜೊತೆ ಬಹಳ ಮೆತ್ತಗಿದ್ದರು. ಮೊದಲು ಒಂದು ಮಾತಿಗೆ ನಾಲ್ಕು ಮಾತು ಆಡುತ್ತಿದ್ದ ಅತ್ತೆ ಈಗ ನಾನು ಏನಂದರೂ "ಆತವ್ವ" ಎನ್ನುತ್ತಿದ್ದರು. ಮೈದುನ ನನ್ನೆದುರು ದನಿ ಏರಿಸುತ್ತಿರಲಿಲ್ಲ. ರೋಗದಿಂದ ಇದೊಂದಾದರೂ ಒಳ್ಳೆಯದಾಯಿತು ಎಂದುಕೊಂಡಿದ್ದೆ.

ಕೊನೆಗೆ ದಾರಿ ತೋರಿಸಿದ್ದು ಹಲ್ಲು. ಒಸಡಿನ ಅಂಚಿಗೇ ಹುಳುಕು ಹಿಡಿದು ಒಂದೊಂದಾಗಿ ಮುರಿಯತೊಡಗಿದ್ದವು. ರಾಣೆಬೆನ್ನೂರಿನ ಹಲ್ಲಿನ ಡಾಕ್ಟರು ಬಾಯೊಳಗೆ ಇಟ್ಟ ಪುಟ್ಟ ಕನ್ನಡಿ ಕೆನ್ನೆಗೆ ಅಂಟಿಕೊಂಡಿತು. ಕಣ್ಣೂ ಒಣಗುತ್ತವೆಯೇ, ಕೀಲು ನೋಯುತ್ತವೆಯೇ ಎಂದು ಕೇಳಿ ಅವರು ನನ್ನನ್ನು ಕೀಲುರೋಗದ ಡಾಕ್ಟರ ಬಳಿ ಕಳಿಸಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಗ್ರಂಥಿಗಳ ಮೇಲೆ ತಿರುಗಿ ಬೀಳುವ ರೋಗವೊಂದಿದೆ, ಅದಿರಬಹುದು ಎಂದು ಆ ಕೀಲುರೋಗದ ಡಾಕ್ಟರು ರಕ್ತ ಪರೀಕ್ಷೆಯನ್ನೂ ಜೊಲ್ಲುಗ್ರಂಥಿಗಳ ಸ್ಕ್ಯಾನಿಂಗನ್ನೂ ಬರೆದುಕೊಟ್ಟರು.

ಸ್ಕ್ಯಾನಿಂಗ್ ಹಾವೇರಿಯಲ್ಲಿ. ಅಕ್ಕ ಜೊತೆಗೆ ಬಂದಳು. ಬೆಂಚಿನ ಮೇಲೆ ಕೂತವರೆಲ್ಲ ಬಸುರಿಯರು. ಪಕ್ಕದಾಕೆ ನಿಮಗೆಷ್ಟು ತಿಂಗಳು ಎಂದು ಕೇಳಿದಳು. ನಾನು ಕುತ್ತಿಗೆ ತೋರಿಸಿದೆ. ಇಬ್ಬರೂ ನಕ್ಕೆವು.

ಒಳಗೆ ಡಾಕ್ಟರಮ್ಮ ಕಿವಿಯ ಬುಡಕ್ಕೆ, ದವಡೆಯ ಕೆಳಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಮೆಲ್ಲಗೆ ಸರಿಸಿದರು. ಬಹಳ ಹೊತ್ತು ನೋಡಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆರೋಗ್ಯವಾಗಿರುವ ಗ್ರಂಥಿ ಒಂದೇ ಸಮನೆ ಬೂದುಬಣ್ಣಕ್ಕೆ ಕಾಣಬೇಕಂತೆ. ನನ್ನದರಲ್ಲಿ ತುಂಬ ಕಪ್ಪು ಚುಕ್ಕೆಗಳು, ಹುಳ ತಿಂದ ಎಲೆಯ ಹಾಗೆ. ಎರಡೂ ಬದಿಗೆ ಹಾಗೇ ಇತ್ತು. ಇದೊಂದನ್ನೇ ನೋಡಿ ರೋಗದ ಹೆಸರು ಹೇಳಲಾಗದು, ರಕ್ತದ ವರದಿಯೂ ಬರಲಿ, ಆದರೆ ನಿಮ್ಮ ತೊಂದರೆಗೆ ಕಾರಣ ಇಲ್ಲಿ ಕಾಣುತ್ತಿದೆ ಎಂದರು. ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಮಾಧಾನ.

ಬೇರೆ ಏನಾದರೂ ಔಷಧಿ ತಗೊಳ್ಳುತ್ತೀರಾ ಎಂದು ಅವರು ಕೇಳಿದರು. ನರಕ್ಕೆ ಒಂದು ಗುಳಿಗೆ, ಹೆಸರು ಗೊತ್ತಿಲ್ಲ ಎಂದೆ. ಆಗ ಗೋಡೆಗೆ ಆತು ನಿಂತಿದ್ದ ಅಕ್ಕ ಹೆಸರು ಹೇಳಿದಳು. ಉದ್ದನೆಯ ಇಂಗ್ಲಿಷ್ ಹೆಸರು. ಒಂದಿಷ್ಟೂ ತಡವರಿಸದೆ ಹೇಳಿದಳು.

ಡಾಕ್ಟರಮ್ಮನ ಕೈ ನಿಂತಿತು. "ಅದು ಮನಸಿನ ಬ್ಯಾನಿಗೆ ಕೊಡೂದಲ್ಲರಿ? ಅದರಿಂದನೂ ಬಾಯಿ ಒಣಗ್ತದ. ನಿಮಗ ಯಾರೂ ಹೇಳಿಲ್ಲೇನು?"

ನಾನು ಅಕ್ಕನ ಕಡೆ ನೋಡಿದೆ. ಅವಳು ಪರದೆಯನ್ನೇ ನೋಡುತ್ತಿದ್ದಳು. ಈ ಚುಕ್ಕೆಗಳಿಗೆ ಗುಳಿಗೆ ಕಾರಣವಲ್ಲ, ಅದು ಇದ್ದ ಒಣಗುವಿಕೆಯನ್ನು ಹೆಚ್ಚಿಸಿರುತ್ತದೆ ಅಷ್ಟೇ, ಒಮ್ಮೆಲೇ ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಬಿಡಿ ಎಂದು ಡಾಕ್ಟರಮ್ಮ ಹೇಳಿದ್ದು ಅರ್ಧವಷ್ಟೇ ಕಿವಿಗೆ ಬಿತ್ತು.

ಹೊರಗೆ ಬಂದು ಕೇಳಿದೆ. ಅಕ್ಕ ಸುಳ್ಳು ಹೇಳಲಿಲ್ಲ. "ನಿನಗ ಹೇಳಿದ್ರ ನೀ ತಗೋತಿದ್ದಿಲ್ಲ. ಡಾಕ್ಟ್ರೂ ಹಂಗ ಅಂದ್ರು, ನಿನ್ನ ಗಂಡನೂ ಹಂಗ ಅಂದ." ಯಾರ್ಯಾರಿಗೆ ಗೊತ್ತು ಎಂದೆ. ಅತ್ತೆಗೆ, ಮೈದುನನಿಗೆ, ನನ್ನ ಭಾವನಿಗೆ, ನಮ್ಮ ಸೋದರತ್ತೆಗೆ. ನುಂಗುತ್ತಿದ್ದ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಉಳಿದದ್ದು ಹೊಳೆಯಿತು. ಹಾಳೆಯಿಂದ ಗುಳಿಗೆ ಬಿಡಿಸಿದ್ದು ನನ್ನ ಬೆರಳಿನ ನೋವಿಗಲ್ಲ, ಹೆಸರು ಕಣ್ಣಿಗೆ ಬೀಳಬಾರದೆಂದು. "ಆತವ್ವ" ಎಂದದ್ದು ಪ್ರೀತಿಗಲ್ಲ, ತಲೆ ಕೆಟ್ಟವಳ ಜೊತೆ ವಾದ ಯಾಕೆ ಎಂದು. ಎದೆ ಬಿರಿಯುವಂತೆ ಅಳು ಬಂತು, ಆದರೆ ಕಣ್ಣಲ್ಲಿ ಒಂದು ಹನಿ ಇಲ್ಲ. ನನ್ನ ಒಣ ಕಣ್ಣು ನೋಡಿ ಅಕ್ಕನಿಗೆ ಏನನ್ನಿಸಿತೋ, ಚಹಾ ಕುಡಿದು ಹೋಗು ಎಂದಳು. ನಾನು ಬಸ್ಸು ಹತ್ತಿದೆ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹಗುರಾದವರ ಹಾಗೆ, "ಅಂದ್ರ ಖರೇನ ರೋಗ ಐತಿ" ಎಂದರು.

"ಇರದಿದ್ರೂ, ಬರೇ ಮನಸಿಂದ ಆಗಿದ್ರೂ, ನುಂಗಾಕಿ ನಾನು. ನನಗ ಹೇಳಬೇಕಾಗಿತ್ತು" ಎಂದೆ.

ನಿನ್ನ ಒಳ್ಳೇದಕ್ಕೇ ಮಾಡಿದ್ದು ಎಂದರು. ಅದು ಸುಳ್ಳಲ್ಲ ಎಂದು ನನಗೂ ಗೊತ್ತು. ಅದಕ್ಕೇ ಇವತ್ತಿಗೂ ಜಗಳ ಮಾಡಲು ಮಾತು ಸಿಗುವುದಿಲ್ಲ.

ರಕ್ತದ ವರದಿಯೂ ಅದೇ ರೋಗ ಎಂದಿತು. ಡಾಕ್ಟರು ಹಳೆಯ ಗುಳಿಗೆಯನ್ನು ಮೆಲ್ಲಗೆ ಬಿಡಿಸಿದರು, ಬೇರೆ ಔಷಧಿ ಶುರುವಾಯಿತು, ಕಣ್ಣಿಗೆ ಹನಿ ಹಾಕಿಕೊಳ್ಳುತ್ತೇನೆ. ಬಾಯಿ ತುಸು ಹಸಿಯಾಗಿದೆ. ಹೋದ ಗ್ರಂಥಿ ಪೂರ್ತಿ ಮರಳುವುದಿಲ್ಲವಂತೆ. ಫೋನಿನಲ್ಲಿ ರೈತರ ಜೊತೆ ಮೊದಲಿಗಿಂತ ಸಲೀಸಾಗಿ ಮಾತಾಡುತ್ತೇನೆ.

ಮೊನ್ನೆ ಮತ್ತೆ ಸ್ಕ್ಯಾನಿಂಗಿಗೆ ಹೋಗಬೇಕಿತ್ತು. ಅಕ್ಕ ಫೋನ್ ಮಾಡಿ ಬರಲೇನು ಎಂದು ಕೇಳಿದಳು. ಬ್ಯಾಡ ಎಂದೆ. ಅವಳು ತನ್ನ ಮಗಳ ಪರೀಕ್ಷೆಯ ವಿಷಯ ತೆಗೆದಳು. ನಾನೂ ಅದನ್ನೇ ಮಾತಾಡಿದೆ.